ಹೆರಿಗೆ ರಜೆಯ ಸಂಬಳ, ಮನೆಯ ಖರ್ಚು: ಗಡಿನಾಡಿನ ಉದ್ಯೋಗಸ್ಥೆಯರಿಗೆ ಸಮಗ್ರ ಮಾರ್ಗದರ್ಶಿ

ಹೆರಿಗೆ ರಜೆಯ ಮಾತು ಬಂದಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಕೇಳುವುದು “ಒಟ್ಟು ಎಷ್ಟು ಸಿಗುತ್ತದೆ?” ಎಂದು. ಮನೆ ನಡೆಸುವವರಿಗೆ ಅದಕ್ಕಿಂತ ಹೆಚ್ಚು ಬೇಕಾದ್ದು “ಯಾವ ತಾರೀಕಿಗೆ ಸಿಗುತ್ತದೆ?” ಎಂಬ ಉತ್ತರ. ಆರು ತಿಂಗಳ ಸಂಬಳ ಕೊನೆಗೆ ಪೂರ್ತಿ ಬಂದರೂ ನಡುವೆ ಮೂರನೆಯ ತಿಂಗಳಿಗೇ ಬಳೆ ಅಡವಿಡಬೇಕಾಗುವುದು, ದುಡ್ಡು ತಡವಾಗಿ ಬಂದದ್ದರಿಂದ. ಹಾಗಾಗಿ ಇಲ್ಲಿ ತಾರೀಕುಗಳ ಲೆಕ್ಕವೇ ಮುಂದೆ, ಮೊತ್ತದ ಲೆಕ್ಕ ಅದರ ಹಿಂದೆ.

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಇನ್ನೊಂದು ತೊಡಕಿದೆ. ಮನೆ ಪೆರ್ಲದಲ್ಲಿ, ಕೆಲಸ ಮಂಗಳೂರಿನಲ್ಲಿ, ಹೆರಿಗೆ ದೇರಳಕಟ್ಟೆಯಲ್ಲಿ, ಬಾಣಂತನ ಪುತ್ತೂರಿನ ತವರಿನಲ್ಲಿ ಎಂಬುದು ನಮ್ಮಲ್ಲಿ ತೀರಾ ಸಾಮಾನ್ಯ. ತಲಪಾಡಿ ದಾಟುವಾಗ ಬದಲಾಗುವ ಕಚೇರಿ ಯಾವುದು, ಬದಲಾಗದ ಹಕ್ಕು ಯಾವುದು ಎಂದು ಗೊತ್ತಿಲ್ಲದಿದ್ದರೆ ಎರಡು ರಾಜ್ಯಗಳ ನಡುವೆ ಕಡತ ಓಡಾಡುತ್ತಲೇ ಇರುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ವೈದ್ಯರು ಕೊಟ್ಟ ಹೆರಿಗೆಯ ನಿರೀಕ್ಷಿತ ದಿನ 2026ರ ಸೆಪ್ಟೆಂಬರ್ 15.

ಹೆಜ್ಜೆ 1: ಸಂಬಳ ಕೊಡುವವರು ಯಾರು ಎಂದು ಖಚಿತಪಡಿಸಿಕೊಳ್ಳಿ

ಕಳೆದ ತಿಂಗಳ ಸಂಬಳದ ಚೀಟಿ ತೆಗೆದು ನೋಡಿ. ಅದರಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂಬ ಕಡಿತ ಇದೆಯೇ? ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ, ಸಂಸ್ಥೆ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ, ವೇತನದ ಶೇ. 0.75 ಕಡಿತವಾಗುತ್ತದೆ, ಮಾಲೀಕರು ಶೇ. 3.25 ಸೇರಿಸುತ್ತಾರೆ. ವೇತನ 16,500 ಇದ್ದರೆ ನಿಮ್ಮ ಕಡಿತ 124 ರೂ. ಈ ಕಡಿತ ಇದ್ದವರಿಗೆ ಹೆರಿಗೆ ಭತ್ಯೆ ಕೊಡುವುದು ಇಎಸ್‌ಐ ನಿಗಮ, ಕಂಪೆನಿಯಲ್ಲ. ಸಂಬಳ ನಡುವೆ 21,000 ದಾಟಿದರೂ ಆ ಆರು ತಿಂಗಳ ವಂತಿಗೆ ಅವಧಿ ಮುಗಿಯುವವರೆಗೆ ನೀವು ಇಎಸ್‌ಐಯಲ್ಲೇ ಇರುತ್ತೀರಿ.

ಕಡಿತ ಇಲ್ಲದೆ, 10 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಇದ್ದರೆ ಕೊಡಬೇಕಾದವರು ಮಾಲೀಕರೇ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ, ಅಂದರೆ 182 ದಿನ. ಬದುಕಿರುವ ಇಬ್ಬರು ಮಕ್ಕಳು ಈಗಾಗಲೇ ಇದ್ದರೆ 12 ವಾರ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೆಯ ಕಾಯಿದೆಯ ಜಾಗದಲ್ಲಿ ಕೂತಿದೆ. ವಾರಗಳ ಲೆಕ್ಕ, ಅರ್ಹತೆಗೆ 80 ದಿನ ದುಡಿದಿರಬೇಕೆಂಬ ಷರತ್ತು ಹಾಗೇ ಉಳಿದಿವೆ. ಬದಲಾದದ್ದು ‘ವೇತನ’ ಎಂಬುದರ ವ್ಯಾಖ್ಯೆ. ಇದಕ್ಕೆ ಆಮೇಲೆ ಬರೋಣ.

ಖಾಸಗಿ ಶಾಲಾ ಕಾಲೇಜುಗಳ ಅಧ್ಯಾಪಿಕೆಯರು “ನಮಗೆಲ್ಲಿ ಹೆರಿಗೆ ರಜೆ” ಎಂದು ಸುಮ್ಮನಿರುವುದುಂಟು. ಕೇರಳ ಸರಕಾರ 2020ರ ಮಾರ್ಚ್‌ನಲ್ಲಿಯೇ ಖಾಸಗಿ ಶಿಕ್ಷಣ ಸಂಸ್ಥೆಗಳನ್ನು ಈ ಕಾಯಿದೆಯಡಿ ತಂದಿದೆ. ಹಾಗೆ ಮಾಡಿದ ಮೊದಲ ರಾಜ್ಯ ಅದು. ಅನುದಾನರಹಿತ ಶಾಲೆ, ಗೌರವಧನ ಎಂಬ ಮಾತುಗಳಿಂದ ಹಕ್ಕು ಕರಗುವುದಿಲ್ಲ.

ಸರಕಾರಿ ನೌಕರರಿಗೂ ಅನುದಾನಿತ ಶಾಲೆಯ ಅಧ್ಯಾಪಿಕೆಯರಿಗೂ ಕೇರಳ ಸೇವಾ ನಿಯಮದ 100ನೇ ನಿಯಮದಂತೆ ಪೂರ್ಣ ವೇತನದ 180 ದಿನ. ಇಲ್ಲಿ ಸಂಬಳ ತಿಂಗಳು ತಿಂಗಳು ಕೇರಳ ಸರಕಾರದ ಸಂಬಳದ ತಂತ್ರಾಂಶವಾದ ಸ್ಪಾರ್ಕ್ ಮೂಲಕ ಎಂದಿನಂತೆ ಬರುವುದರಿಂದ ಆರು ತಿಂಗಳು ಚಿಂತೆಯಿಲ್ಲ. ಅವರ ಸಮಸ್ಯೆ ಶುರುವಾಗುವುದು 181ನೇ ದಿನ.

ಹೆಜ್ಜೆ 2: ಅರ್ಹತೆಯ ದಿನಗಳನ್ನು ಎಣಿಸಿ

ಮಾಲೀಕರು ಕೊಡುವ ಭತ್ಯೆಗೆ, ನಿರೀಕ್ಷಿತ ದಿನದ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಸಂಬಳಸಹಿತ ರಜಾದಿನಗಳೂ ಇದರಲ್ಲಿ ಸೇರುತ್ತವೆ. ಕೆಲವು ಶಾಲೆಗಳು ಮಾರ್ಚ್ 31ಕ್ಕೆ ಬಿಡಿಸಿ ಜೂನ್‌ನಲ್ಲಿ ಮತ್ತೆ ಸೇರಿಸಿಕೊಂಡು “ಹೊಸ ನೇಮಕ” ಎನ್ನುತ್ತವೆ. ಸೆಪ್ಟೆಂಬರ್ ಹೆರಿಗೆಯಾದರೆ ಹಿಂದಿನ ಸೆಪ್ಟೆಂಬರಿನಿಂದ ಮಾರ್ಚ್‌ವರೆಗಿನ ದಿನಗಳು ಅದೇ 12 ತಿಂಗಳೊಳಗೆ ಬೀಳುವುದರಿಂದ 80 ದಾಟುವುದು ಕಷ್ಟವಲ್ಲ. ಹಾಜರಿ ಪುಸ್ತಕದ ಆ ಪುಟಗಳ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ.

ಇಎಸ್‌ಐ ಲೆಕ್ಕ ಬೇರೆ. ತುಂಬ ಮಂದಿ ಎಡವುವುದೂ ಇಲ್ಲೇ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಸೌಲಭ್ಯ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರಿನಿಂದ ಮಾರ್ಚ್‌ವರೆಗಿನ ವಂತಿಗೆಗೆ ಜುಲೈಯಿಂದ ಡಿಸೆಂಬರ್‌ವರೆಗೆ. ಹೆರಿಗೆ ಬೀಳುವ ಸೌಲಭ್ಯ ಅವಧಿಯ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಸೇರಿ 70 ದಿನದ ವಂತಿಗೆ ಇರಬೇಕು. ನಮ್ಮ ಉದಾಹರಣೆಯಲ್ಲಿ ಹೆರಿಗೆ 2026ರ ಸೆಪ್ಟೆಂಬರ್, ಆದ್ದರಿಂದ ನೋಡುವುದು 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ. 2026ರ ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿ ಆಗಸ್ಟ್‌ವರೆಗೆ ಒಂದು ದಿನವೂ ತಪ್ಪದೆ ದುಡಿದವರಿಗೂ ಈ ಲೆಕ್ಕದಲ್ಲಿ ಸೊನ್ನೆ. ಇಂಥವರಿಗೆ ಇಎಸ್‌ಐ ಅರ್ಹತೆ ಬರುವವರೆಗೆ ಮಾಲೀಕರ ಹೊಣೆ ಮುಂದುವರಿಯುತ್ತದೆ ಎಂದು 1961ರ ಕಾಯಿದೆಯ 5ಎ ಕಲಂ ಹೇಳಿತ್ತು. 80 ದಿನ ಆಗಿದ್ದರೆ ಕಂಪೆನಿಗೆ ಆ ಆಧಾರದಲ್ಲೇ ಬರೆದು ಕೇಳಿ. ಇಎಸ್‌ಐ ಪೋರ್ಟಲಿನಲ್ಲಿ ನಿಮ್ಮ ವಿಮಾ ಸಂಖ್ಯೆ ಹಾಕಿದರೆ ಯಾವ ತಿಂಗಳಿಗೆ ಎಷ್ಟು ದಿನದ ವಂತಿಗೆ ಬಿದ್ದಿದೆ ಎಂದು ಕಾಣುತ್ತದೆ. ಸಂಬಳದಲ್ಲಿ ಮುರಿದು ಪೋರ್ಟಲಿನಲ್ಲಿ ಕಟ್ಟದಿರುವುದು ಗೊತ್ತಾಗುವುದೂ ಆಗಲೇ. ಐದನೆಯ ತಿಂಗಳೊಳಗೆ ನೋಡಿದರೆ ಸರಿಪಡಿಸಿಕೊಳ್ಳಲು ಸಮಯ ಇರುತ್ತದೆ.

ಹೆಜ್ಜೆ 3: ರಜೆ ಯಾವತ್ತು ಶುರುಮಾಡುವುದು

26 ವಾರಗಳಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ. 12 ವಾರದವರಿಗೆ 6 ವಾರ. ಮುಂಚೆ ಖರ್ಚಾದ ಪ್ರತಿ ದಿನವೂ ಮಗು ಬಂದ ಮೇಲೆ ಕಡಿಮೆಯಾಗುತ್ತದೆ.

8 ವಾರ ಮೊದಲೇ, ಜುಲೈ 21ಕ್ಕೆ ರಜೆ ಹಾಕಿದರೆ 182ನೇ ದಿನ 2027ರ ಜನವರಿ 18. ಆಗ ಮಗುವಿಗೆ ನಾಲ್ಕು ತಿಂಗಳು. ಸೆಪ್ಟೆಂಬರ್ 1ಕ್ಕೆ ಹಾಕಿದರೆ 182ನೇ ದಿನ ಮಾರ್ಚ್ 1. ಮಗುವಿಗೆ ಐದೂವರೆ ತಿಂಗಳು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂದು ವೈದ್ಯರು ಹೇಳುವುದನ್ನು ನೆನೆದರೆ ಎರಡನೆಯ ಲೆಕ್ಕಕ್ಕೆ ತೂಕ ಹೆಚ್ಚು. ಆದರೆ ಕುಂಬಳೆಯಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ನಿಂತು ಹೋಗುವ ಒಂಬತ್ತು ತಿಂಗಳ ಬಸುರಿಗೆ ಸೆಪ್ಟೆಂಬರ್ 1ರವರೆಗೆ ತಾಳು ಎನ್ನುವುದು ಸರಿಯಲ್ಲ. ಮಧ್ಯದ ದಾರಿ ಇದೆ: ಆಗಸ್ಟ್ ತಿಂಗಳಿಗೆ ಉಳಿದ ಗಳಿಕೆ ರಜೆ ಬಳಸಿ, ಹೆರಿಗೆ ರಜೆಯನ್ನು ಸೆಪ್ಟೆಂಬರ್ 1ಕ್ಕೆ ಆರಂಭಿಸುವುದು. ರಕ್ತದೊತ್ತಡ, ಅವಧಿಗೆ ಮುಂಚಿನ ಹೆರಿಗೆ ಮುಂತಾದ ಬಸಿರು ಸಂಬಂಧದ ತೊಂದರೆಗೆ ವೈದ್ಯರ ಪ್ರಮಾಣಪತ್ರ ಇದ್ದರೆ ಇನ್ನೂ ಒಂದು ತಿಂಗಳ ಸಂಬಳಸಹಿತ ರಜೆಗೆ ಕಾನೂನಿನಲ್ಲೇ ಅವಕಾಶವಿದೆ. ಇದನ್ನು ಕೇಳುವವರು ಬಹಳ ಕಡಿಮೆ. ಗರ್ಭಪಾತವಾದರೆ ಆರು ವಾರ.

ಹೆಜ್ಜೆ 4: ಮೊತ್ತದ ಲೆಕ್ಕ

ಇಎಸ್‌ಐಯವರಿಗೆ ದಿನದ ಸರಾಸರಿ ವೇತನದ ಶೇ. 100. ಸಂಬಂಧಪಟ್ಟ ವಂತಿಗೆ ಅವಧಿಯ ಒಟ್ಟು ವೇತನವನ್ನು ವೇತನ ಸಿಕ್ಕ ದಿನಗಳಿಂದ ಭಾಗಿಸುತ್ತಾರೆ. 2025ರ ಅಕ್ಟೋಬರಿನಿಂದ 2026ರ ಮಾರ್ಚ್‌ವರೆಗೆ 182 ದಿನ. ತಿಂಗಳಿಗೆ 16,500ರಂತೆ 99,000. ದಿನಕ್ಕೆ ಸುಮಾರು 544, ಒಟ್ಟು ಸುಮಾರು 99,000. ಏಪ್ರಿಲ್‌ನಲ್ಲಿ ಸಂಬಳ ಏರಿದ್ದರೆ ಆ ಏರಿಕೆ ಈ ಲೆಕ್ಕಕ್ಕೆ ಬರುವುದಿಲ್ಲ. ಇಎಸ್‌ಐ ಆಸ್ಪತ್ರೆಯ ಸೌಲಭ್ಯ ಇಲ್ಲದ ಕಡೆ ಹೆರಿಗೆಯಾದರೆ ಹೆರಿಗೆ ವೆಚ್ಚವೆಂದು 7,500 ರೂ. ಬೇರೆ, ಎರಡು ಹೆರಿಗೆಗಳವರೆಗೆ. ಇದಕ್ಕೆ ಪ್ರತ್ಯೇಕ ಅರ್ಜಿ ಬೇಕು.

ಮಾಲೀಕರು ಕೊಡುವಲ್ಲಿ ರಜೆಗೆ ಹಿಂದಿನ ಮೂರು ತಿಂಗಳ ಸರಾಸರಿ ದಿನವೇತನ. ದಿನಗೂಲಿ, ತುಂಡುಗೂಲಿಯವರು ಗಮನಿಸಬೇಕು: ಭಾನುವಾರಗಳನ್ನು ಕಳೆದು ಲೆಕ್ಕ ಹಾಕುವಂತಿಲ್ಲ. ವಾರವೆಂದರೆ ಏಳು ದಿನ ಎಂದು ಸುಪ್ರೀಂ ಕೋರ್ಟು 1977ರಲ್ಲೇ ತೀರ್ಪು ಕೊಟ್ಟಿದೆ. ತಮಿಳುನಾಡಿನ ತೋಟದ ಕೆಲಸದ ಹೆಂಗಸಿನ ಆ ಮೊಕದ್ದಮೆ ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದಿಂದ ಹೋದದ್ದು. ಹೊಸ ಸಂಹಿತೆಯಲ್ಲಿ ಭತ್ಯೆಗಳೆಲ್ಲ ಸೇರಿ ಒಟ್ಟಿನ ಅರ್ಧ ಮೀರಿದರೆ ಮೀರಿದ ಭಾಗ ವೇತನವೆಂದೇ ಎಣಿಕೆಯಾಗುತ್ತದೆ. ಹಾಗಾಗಿ ‘ಬೇಸಿಕ್’ ಮಾತ್ರ ಕೊಡುತ್ತೇವೆ ಎಂಬ ಮಾತನ್ನು ಕೇಳಿ ಬರಬೇಡಿ. ಯಾವ ಯಾವ ಬಾಬ್ತು ಸೇರುತ್ತದೆ, ತಿಂಗಳಿಗೆ ಎಷ್ಟು, ಯಾವ ತಾರೀಕಿಗೆ ಎಂದು ಇಮೇಲಿನಲ್ಲಿ ಉತ್ತರ ಪಡೆಯಿರಿ. ಉಚಿತ ಹೆರಿಗೆ ಆರೈಕೆಯನ್ನು ಸಂಸ್ಥೆ ಒದಗಿಸದಿದ್ದರೆ ವೈದ್ಯಕೀಯ ಬೋನಸ್ 3,500 ರೂ. ಕೂಡ ನಿಮ್ಮದೇ.

ಕಾನೂನಿನ ಪ್ರಕಾರ ಹೆರಿಗೆಗೆ ಮುಂಚಿನ ಅವಧಿಯ ಹಣ ಮುಂಗಡವಾಗಿ, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಸಿಗಬೇಕು. ಹೆಚ್ಚಿನ ಕಂಪೆನಿಗಳು ತಿಂಗಳ ಸಂಬಳದಂತೆಯೇ ಹಾಕುತ್ತವೆ. ಮನೆ ಖರ್ಚಿನ ಶಿಸ್ತಿಗೆ ಅದು ಒಳ್ಳೆಯದೇ, ತಪ್ಪದೆ ಹಾಕುತ್ತಾರೆಂಬ ಭರವಸೆ ಇದ್ದರೆ.

ಹೆಜ್ಜೆ 5: ಕಾಗದಪತ್ರ

ಏಳನೆಯ ತಿಂಗಳು ಮುಗಿಯುವ ಮೊದಲು ಒಂದು ಕಡತ ತಯಾರಾಗಲಿ. ನಿರೀಕ್ಷಿತ ದಿನ ಬರೆದ ವೈದ್ಯರ ಪ್ರಮಾಣಪತ್ರ, ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆರು ತಿಂಗಳ ಸಂಬಳದ ಚೀಟಿ, ಇಎಸ್‌ಐ ಕಾರ್ಡು. ಇವೆಲ್ಲದರಲ್ಲಿ ಹೆಸರು ಒಂದೇ ಥರ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿಕೊಂಡು ಇರುವುದು ಇಲ್ಲಿ ಮಾಮೂಲು. ಭತ್ಯೆ ಮಂಜೂರಾಗಿಯೂ ಹಣ ಖಾತೆಗೆ ಹೋಗದೆ ಹಿಂದೆ ಬರಲು ಇದೇ ಬಹುದೊಡ್ಡ ಕಾರಣ. ತಿದ್ದುಪಡಿಗೆ ಕೇರಳದ ಆನ್‌ಲೈನ್ ಸೇವಾ ಕೇಂದ್ರವಾದ ಅಕ್ಷಯ ಕೇಂದ್ರಕ್ಕೆ ಬಸುರಿಯಾಗಿದ್ದಾಗಲೇ ಹೋಗಿ. ಹಸುಗೂಸು ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುವ ಹಾಗಾಗಬಾರದು.

ರಜೆಯ ನೋಟಿಸಿನಲ್ಲಿ ಮೂರು ಸಂಗತಿ ಬೇಕು: ರಜೆ ಆರಂಭವಾಗುವ ದಿನ, ಆ ಅವಧಿಯಲ್ಲಿ ಬೇರೆಲ್ಲೂ ದುಡಿಯುವುದಿಲ್ಲ ಎಂಬ ಮಾತು, ಹಣ ಯಾರ ಯಾವ ಖಾತೆಗೆ ಎಂಬುದು. ಎರಡು ಪ್ರತಿ ಮಾಡಿ ಒಂದಕ್ಕೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ.

ಇಎಸ್‌ಐ ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಅದು ನಿಂತುಹೋಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ನೀವು ಆ ದಿನಗಳಲ್ಲಿ ಕೆಲಸಕ್ಕೆ ಬಂದಿಲ್ಲ ಎಂದು ಕಂಪೆನಿ ದೃಢೀಕರಿಸದೆ ಬಿಡುವುದು. ಅರ್ಜಿ ಹಾಕಿದ ದಿನವೇ ಕಚೇರಿಯ ಲೆಕ್ಕದವರಿಗೆ ಫೋನು ಮಾಡಿ ಹೇಳಿ. ಇನ್ನೊಂದು, ತಿಂಗಳ ವಂತಿಗೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ‘ರಜೆಯಲ್ಲಿ’ ಎಂದು ಹಾಕುವ ಬದಲು ‘ಕೆಲಸ ಬಿಟ್ಟವರು’ ಎಂದು ಹಾಕಿಬಿಡುವುದು. ಪಟ್ಟಿಯಲ್ಲಿ ವೇತನ ಸೊನ್ನೆ ಇರುವುದರಿಂದ ಅವಸರದಲ್ಲಿ ಹಾಗಾಗುತ್ತದೆ, ವಿಮೆ ಕಡಿದುಹೋಗುತ್ತದೆ. ರಜೆಗೆ ಹೊರಡುವ ಮೊದಲೇ ಈ ವಿಷಯ ಹೇಳಿಟ್ಟು ಬನ್ನಿ. ಕೆಲಸ ಮಂಗಳೂರಿನದಾದರೂ ಇಎಸ್‌ಐ ದೇಶಕ್ಕೆಲ್ಲ ಒಂದೇ. ಬಾಣಂತನಕ್ಕೆ ಗಡಿ ದಾಟಿದರೆಂದು ಭತ್ಯೆ ನಿಲ್ಲುವುದಿಲ್ಲ.

ಜನನ ನೋಂದಣಿ ನಡೆಯುವುದು ಹೆರಿಗೆಯಾದ ಊರಿನಲ್ಲಿ, ಮನೆಯ ಪಂಚಾಯತಿನಲ್ಲಲ್ಲ. ಕಾಸರಗೋಡಿನ ಆಸ್ಪತ್ರೆಯಾದರೆ ಕೇರಳದ ಕೆ-ಸ್ಮಾರ್ಟ್, ಮಂಗಳೂರು ಕಡೆಯಾದರೆ ಕರ್ನಾಟಕದ ಇ-ಜನ್ಮ. ಡಿಸ್ಚಾರ್ಜ್ ಆಗುವ ದಿನ ಕೇಳಲೇಬೇಕಾದ ಪ್ರಶ್ನೆ: “ನಿಮ್ಮ ವರದಿ ಯಾವ ನೋಂದಣಿ ಕಚೇರಿಗೆ ಹೋಗುತ್ತದೆ, ತಾಯಿಯ ಹೆಸರು ಹೇಗೆ ಬರೆದಿದ್ದೀರಿ?” ನೋಂದಣಿಯ ಅವಧಿ 21 ದಿನ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಜನ್ಮದಿನಾಂಕದ ಮುಖ್ಯ ಆಧಾರವಾದ್ದರಿಂದ ತಪ್ಪು ಉಳಿದರೆ ಶಾಲೆ, ಪಾಸ್‌ಪೋರ್ಟ್ ತನಕ ಹಿಂಬಾಲಿಸುತ್ತದೆ. ನಾಮಕರಣ ತಡವಾದರೆ ಚಿಂತೆ ಬೇಡ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಕೇರಳದ ಕಚೇರಿಗಳಿಗೆ ಅರ್ಜಿ ಮಲಯಾಳದಲ್ಲೇ ಇರಬೇಕೆಂದಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು, ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ ರಾಜ್ಯಭಾಷಾ ಕಾಯಿದೆಯೇ ಅವಕಾಶ ಕೊಟ್ಟಿದೆ.

ಹೆಜ್ಜೆ 6: ದುಡ್ಡಿನ ಕ್ಯಾಲೆಂಡರ್

ಗೋಡೆಯ ಕ್ಯಾಲೆಂಡರೊಂದನ್ನು ಇದಕ್ಕೇ ಮೀಸಲಿಡಿ. ಮೊತ್ತಗಳು ನಿಮ್ಮ ಮನೆಗೆ ತಕ್ಕಂತೆ ಬದಲಾಗುತ್ತವೆ. ಕ್ರಮ ತೋರಿಸಲು ಒಂದು ಮಾದರಿ ಮನೆ ಇಲ್ಲಿದೆ. ಆಕೆಗೆ ಕೈಗೆ 28,000, ಗಂಡನಿಗೆ 24,000. ಆಕೆ ಇಎಸ್‌ಐ ಹೊರಗೆ, ಕಂಪೆನಿ ತಿಂಗಳು ತಿಂಗಳು ಕೊಡುತ್ತದೆ.

ತಿಂಗಳ ಖರ್ಚು: ಮನೆ ಸಾಲದ ಕಂತು 9,500, ಕೆಎಸ್‌ಎಫ್‌ಇ (ಕೇರಳ ಸರಕಾರದ ಹಣಕಾಸು ಸಂಸ್ಥೆ) ಚಿಟ್ಟಿ 5,000, ದಿನಸಿ, ಹಾಲು, ಮೀನು, ತರಕಾರಿ 9,000, ಕರೆಂಟು, ಗ್ಯಾಸು, ಫೋನು 2,500, ಇಬ್ಬರ ಓಡಾಟ 4,000, ಹಿರಿಯರ ಮದ್ದು 2,500, ಎಲ್‌ಐಸಿ 2,000, ಇತರೆ 3,500. ಒಟ್ಟು 38,000. ಉಳಿಯುವುದು 14,000.

ಮಾರ್ಚ್‌ನಿಂದ ಆಗಸ್ಟ್‌ವರೆಗೆ ಈ 14,000ವನ್ನು ಬೇರೆ ಖಾತೆಗೆ ಹಾಕಿದರೆ 84,000. ಇದು ಆಸ್ಪತ್ರೆ ಮತ್ತು ಬಾಣಂತನಕ್ಕೆ. ಸಿಸೇರಿಯನ್ ಆದರೆ ಎಷ್ಟು, ಸಹಜವಾದರೆ ಎಷ್ಟು, ಮಗುವನ್ನು ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಡಬೇಕಾದರೆ ದಿನಕ್ಕೆ ಎಷ್ಟು ಎಂದು ಆಸ್ಪತ್ರೆಯಲ್ಲಿ ಮೂರನ್ನೂ ಬೇರೆ ಬೇರೆ ಕೇಳಿ. ವಿಮೆ ಇದ್ದರೆ ಹೆರಿಗೆಗೆ ಕಾಯುವ ಅವಧಿ ಮುಗಿದಿದೆಯೇ, ಗಡಿಯಾಚೆಯ ಆ ಆಸ್ಪತ್ರೆ ಪಟ್ಟಿಯಲ್ಲಿದೆಯೇ, ಮಗುವನ್ನು ಎಷ್ಟು ದಿನದೊಳಗೆ ಸೇರಿಸಬೇಕು ಎಂದು ಅದರ ಕೌಂಟರಿನಲ್ಲೇ ವಿಚಾರಿಸಿ. ಬಾಣಂತಿಯನ್ನು ಮೀಯಿಸಲು ಬರುವವರ ಸಂಬಳವನ್ನು 40 ದಿನಕ್ಕೆ ಗುಣಿಸಿ ಬರೆಯಿರಿ. ದಿನಕ್ಕೆ 700 ಎಂದಿಟ್ಟರೆ 28,000 ಆಗುತ್ತದೆ. ಎಣ್ಣೆ, ಲೇಹ್ಯ, ಕಷಾಯದ ಸಾಮಾನು, ಕಟ್ಟಿಗೆ, ತೆಂಗಿನೆಣ್ಣೆ ಎಲ್ಲ ತವರಿನವರದೇ ಎಂದು ಲೆಕ್ಕ ಬಿಡಬೇಡಿ. ತವರಿನ ಮನೆಗೂ ಆ ತಿಂಗಳು ಭಾರವೇ. ದಿನಸಿಗೆಂದು ಇಂತಿಷ್ಟು ಅಮ್ಮನ ಕೈಗೆ ಕೊಡುವುದನ್ನು ಮೊದಲೇ ಪಟ್ಟಿಯಲ್ಲಿ ಸೇರಿಸಿದರೆ ಮುಜುಗರ ಇಬ್ಬರಿಗೂ ಇಲ್ಲ.

ರಜೆಯ ಆರು ತಿಂಗಳು: ಓಡಾಟದಲ್ಲಿ 2,500 ಉಳಿಯುತ್ತದೆ, ಮಗುವಿನ ಖರ್ಚು 4,500 ಸೇರುತ್ತದೆ. ತಿಂಗಳಿಗೆ 40,000. ಉಳಿಕೆ 12,000, ಆರು ತಿಂಗಳಿಗೆ 72,000. ಈ 72,000 ಮುಟ್ಟದೆ ಇಟ್ಟರೆ ಮಾತ್ರ ಮುಂದೆ ಸಂಬಳವಿಲ್ಲದ ರಜೆ ಹಾಕಲು ಸಾಧ್ಯ.

ಮಾರ್ಚ್ 2ರಿಂದ ಮೇ 31ರವರೆಗೆ ಸಂಬಳವಿಲ್ಲದ ರಜೆ, ಜೂನ್ 1ಕ್ಕೆ ಕೆಲಸಕ್ಕೆ ಎಂದುಕೊಳ್ಳೋಣ. ಫೆಬ್ರವರಿ ಕೊನೆಗೆ ಬಂದ ಸಂಬಳದಲ್ಲಿ ಮಾರ್ಚ್ ದಾಟುತ್ತದೆ. ಕೈ ಬರಿದಾಗುವುದು ಏಪ್ರಿಲ್, ಮೇ, ಜೂನ್. ಜೂನ್ ಅತಿ ಕಠಿಣ, ಏಕೆಂದರೆ ಆಗ ಕೆಲಸಕ್ಕೆ ಹೋಗಲು ಶುರುಮಾಡಿ ಆಗಿರುತ್ತದೆ. ಓಡಾಟದ 2,500 ಮರಳಿ ಬರುತ್ತದೆ, ಮಗು ನೋಡಿಕೊಳ್ಳುವವರಿಗೆ 5,000 ಎಂದಿಟ್ಟರೆ ಖರ್ಚು 47,500, ಸಂಬಳ ಮಾತ್ರ ತಿಂಗಳ ಕೊನೆಗೆ. ಏಪ್ರಿಲ್, ಮೇ ಕೊರತೆ 16,000ದಂತೆ 32,000; ಜೂನ್ ಕೊರತೆ 23,500. ಒಟ್ಟು 55,500. ಮೂರು ತಿಂಗಳ ರಜೆಗೆ 48,000 ಸಾಕೆಂದು ಎಣಿಸಿದವರು ಜೂನ್ ಎರಡನೇ ವಾರ ಕೈಸಾಲ ಕೇಳುವುದು ಇದಕ್ಕೇ. ಅಡಕೆ ತೋಟದ ಮನೆಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚೂ ಮಳೆಗಾಲದ ಬಾಗಿಲಿನಲ್ಲೇ ಬಂದು ಕೂರುತ್ತದೆ. ಒಣಗಿಸಿಟ್ಟ ಅಡಕೆ ಇದ್ದರೆ ಒಂದು ಪಾಲನ್ನು ಏಪ್ರಿಲ್ ಹೊತ್ತಿಗೆ ಕೊಟ್ಟು ಜೂನಿನ ಹೆಸರಿನಲ್ಲಿ ಇಟ್ಟುಬಿಡಿ. ದರ ಏರುವುದನ್ನು ಕಾಯುವುದು ಬೇರೆ ವರ್ಷಕ್ಕಿರಲಿ.

ಇಎಸ್‌ಐಯವರಿಗೆ ಕ್ಯಾಲೆಂಡರ್ ಉಲ್ಟಾ. ಅರ್ಜಿ, ದೃಢೀಕರಣ ಎಲ್ಲ ಮುಗಿದು ಹಣ ಬರುವವರೆಗೆ ಆರಂಭದಲ್ಲೇ ಖಾಲಿ. ಎರಡು ತಿಂಗಳ ಸಂಬಳದಷ್ಟು ಹಣ ರಜೆಯ ಮೊದಲೇ ಪಕ್ಕದಲ್ಲಿರಲಿ. ಹಣ ಒಟ್ಟಿಗೆ ಬಂದಾಗ ನಾಮಕರಣದ ಊಟಕ್ಕೋ ತೊಟ್ಟಿಲಿಗೋ ಕರಗುವುದು ಬೇಗ. ಬಂದ ದಿನವೇ ಮುಂದಿನ ತಿಂಗಳ ಪಾಲು ಉಳಿತಾಯ ಖಾತೆಯಲ್ಲಿಟ್ಟು, ಉಳಿದದ್ದನ್ನು ಒಂದು, ಎರಡು, ಮೂರು ತಿಂಗಳ ಸಣ್ಣ ಸಣ್ಣ ಠೇವಣಿಗಳಾಗಿ ಒಡೆಯಿರಿ. ಅಂಚೆ ಕಚೇರಿಯ ಠೇವಣಿ ಒಂದು ವರ್ಷಕ್ಕಿಂತ ಕಡಿಮೆಗೆ ಇಲ್ಲದ್ದರಿಂದ ಇದಕ್ಕೆ ಬ್ಯಾಂಕೇ ಆಗಬೇಕು.

ಹೆಜ್ಜೆ 7: ಸಂಬಳವಿಲ್ಲದ ರಜೆಗೆ ಮುಂಚೆ

26 ವಾರದ ಮೇಲಿನ ರಜೆ ಖಾಸಗಿ ಕಂಪೆನಿಯಲ್ಲಿ ಹಕ್ಕಲ್ಲ, ಒಪ್ಪಿಗೆ. ಬಾಯಿಮಾತಿನ “ಆಯಿತು ಬಿಡಿ” ನಂಬಿ ಮನೆಯಲ್ಲಿ ಕುಳಿತರೆ ಹೇಳದೆ ಕೆಲಸ ಬಿಟ್ಟವರೆಂದು ಬರೆದುಬಿಡಬಹುದು. ಆರಂಭ, ಕೊನೆ, ಸೇರುವ ದಿನ ಮೂರೂ ಇರುವ ಲಿಖಿತ ಮಂಜೂರಾತಿ ಪಡೆಯಿರಿ.

ಸರಕಾರಿ ನೌಕರರು 180 ದಿನದ ನಂತರ ಮೊದಲು ಗಳಿಕೆ ರಜೆ, ಆಮೇಲೆ ಅರ್ಧವೇತನ ರಜೆ, ಕೊನೆಗೆ ಮಾತ್ರ ಭತ್ಯರಹಿತ ರಜೆ ಎಂಬ ಕ್ರಮ ಹಿಡಿಯುವುದು ಒಳ್ಳೆಯದು. ವೈದ್ಯಕೀಯ ಪ್ರಮಾಣಪತ್ರವಿಲ್ಲದ ಭತ್ಯರಹಿತ ರಜೆ ವಾರ್ಷಿಕ ವೇತನ ಬಡ್ತಿಯನ್ನು ಮುಂದೂಡುತ್ತದೆ. ಎಸ್‌ಎಲ್‌ಐ (ರಾಜ್ಯ ಜೀವವಿಮೆ), ಜಿಐಎಸ್ (ಗುಂಪು ವಿಮೆ) ಕಂತುಗಳು ಸಂಬಳದಲ್ಲಿ ಮುರಿಯುವುದು ನಿಂತ ಮೇಲೆ ಟ್ರೆಷರಿಯಲ್ಲಿ ನೀವೇ ಕಟ್ಟಬೇಕು. ಯಾವ ಯಾವುದು ಬಾಕಿಯಾಗುತ್ತದೆ ಎಂದು ಸಂಬಳ ಬಿಲ್ಲು ಮಾಡುವ ಅಧಿಕಾರಿ ಡಿಡಿಒ ಅವರಲ್ಲಿ ಪಟ್ಟಿ ಮಾಡಿಸಿಕೊಳ್ಳಿ. ತಂದೆಗೂ ಹತ್ತು ದಿನದ ಪಿತೃತ್ವ ರಜೆ ಇದೆ.

ಸಾಲದ ಕಂತು ತಪ್ಪಿದ ಮೇಲೆ ಬ್ಯಾಂಕಿಗೆ ಹೋಗುವುದಕ್ಕಿಂತ ತಪ್ಪುವ ಎರಡು ತಿಂಗಳು ಮೊದಲು ಹೋಗುವುದರಲ್ಲಿ ಬಹಳ ವ್ಯತ್ಯಾಸವಿದೆ. ರಜೆಯ ಆದೇಶ ತೋರಿಸಿ ಕಂತಿನ ತಾರೀಕನ್ನು ಗಂಡನ ಸಂಬಳದ ತಾರೀಕಿಗೆ ಹೊಂದಿಸಿಕೊಳ್ಳಿ. ಆ ಖಾತೆಯಲ್ಲಿ ಎರಡು ಕಂತಿನಷ್ಟು ಹಣ ಯಾವಾಗಲೂ ಇರಲಿ. ಹಣವಿಲ್ಲದೆ ಒಂದು ಸಲ ಹಿಂದೆ ಹೋದರೆ ದಂಡ ಎರಡೂ ಕಡೆ ಬೀಳುತ್ತದೆ, ಸಿಬಿಲ್‌ನಲ್ಲೂ ಉಳಿಯುತ್ತದೆ.

ಚಿಟ್ಟಿಯ ಕಂತು ತಪ್ಪಿದರೆ ಆ ತಿಂಗಳ ವೀತಪಲಿಶ (ಕಂತಿನಲ್ಲಿ ಸಿಗುವ ಲಾಭಾಂಶ) ಕೈತಪ್ಪುತ್ತದೆ. ಈಗಾಗಲೇ ಹಿಡಿದ, ಅಂದರೆ ಹಣ ಎತ್ತಿದ ಚಿಟ್ಟಿಯಾದರೆ ದಂಡಬಡ್ಡಿ. ಚಿಟ್ಟಿ ಹಿಡಿಯುವ ಯೋಚನೆ ಇದ್ದರೆ ಸಂಬಳ ಬರುತ್ತಿರುವಾಗಲೇ ಹಿಡಿಯಿರಿ. ಜಾಮೀನಿಗೆ ಸಂಬಳ ಪ್ರಮಾಣಪತ್ರ ಬೇಕು, ಸಂಬಳವಿಲ್ಲದ ರಜೆಯಲ್ಲಿರುವಾಗ ಅದನ್ನು ಕೊಡಿಸುವುದು ಕಷ್ಟ. ಅಯಲ್ಕೂಟದ (ಕುಟುಂಬಶ್ರೀಯ ನೆರೆಹೊರೆ ಗುಂಪು) ವಾರದ ಉಳಿತಾಯವನ್ನು ಮಾತ್ರ ನಿಲ್ಲಿಸಬೇಡಿ. ಸಣ್ಣ ಮೊತ್ತ, ಆದರೆ ಆಪತ್ತಿಗೆ ಬೇಗ ಸಿಗುವ ಸಾಲದ ಬಾಗಿಲು ಅದು.

ಒಡವೆ ಸಾಲ ಅನಿವಾರ್ಯವಾದರೆ ಕೊರತೆಯಷ್ಟೇ ತೆಗೆಯಿರಿ. 55,000 ಬೇಕಾದಲ್ಲಿ ಬಳೆಯ ಬೆಲೆಗೆ ಲಕ್ಷ ಸಿಗುತ್ತದೆಂದು ಲಕ್ಷ ತರಬೇಡಿ. ಶೇ. 9ರ ಬಡ್ಡಿಗೆ 55,000ಕ್ಕೆ ಆರು ತಿಂಗಳಿಗೆ 2,475 ರೂ. ನಿಮ್ಮ ಊರಿನ ಸರ್ವೀಸ್ ಸಹಕಾರಿ ಬ್ಯಾಂಕಿನ ದರವನ್ನೂ ಪೇಟೆಯ ಫೈನಾನ್ಸಿನ ದರವನ್ನೂ ಹೀಗೆ ರೂಪಾಯಿಯಲ್ಲಿ ಬರೆದು ಹೋಲಿಸಿ. ಶೇಕಡಾವಾರಿನಲ್ಲಿ ಮರೆಯಾದದ್ದು ರೂಪಾಯಿಯಲ್ಲಿ ಕಾಣುತ್ತದೆ.

ಆದಾಯ ತೆರಿಗೆ ಮುರಿಯುತ್ತಿದ್ದರೆ, ಸಂಬಳವಿಲ್ಲದ ತಿಂಗಳುಗಳನ್ನು ಕಳೆದ ಹೊಸ ಅಂದಾಜನ್ನು ಕಚೇರಿಗೆ ಕೊಡಿ. ಇಲ್ಲವಾದರೆ ಹೆಚ್ಚು ಮುರಿದದ್ದನ್ನು ರಿಟರ್ನ್ ಹಾಕಿ ಹಿಂದೆ ಪಡೆಯುವವರೆಗೆ ಕಾಯಬೇಕು.

ಸಂಬಳದ ಕೆಲಸ ಇಲ್ಲದವರಿಗೆ

ಹೊಲಿಗೆ, ಅಂಗಡಿ, ಕೂಲಿ, ಕುಟುಂಬಶ್ರೀ ಘಟಕಗಳಲ್ಲಿ ದುಡಿಯುವವರಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂ., 3,000 ಮತ್ತು 2,000ದ ಎರಡು ಕಂತುಗಳಲ್ಲಿ. ಎರಡನೆಯದು ಹೆಣ್ಣಾದರೆ 6,000. ಆದಾಯ, ರೇಷನ್ ಕಾರ್ಡು ಮುಂತಾದ ಅರ್ಹತೆಯ ಷರತ್ತುಗಳಿವೆ. ಅರ್ಜಿ ಅಂಗನವಾಡಿಯಲ್ಲಿ. ಬಸಿರು ಬೇಗ ನೋಂದಾಯಿಸಿ ಕನಿಷ್ಠ ಒಂದು ತಪಾಸಣೆ ಆಗಿರಬೇಕು. ಎರಡನೆಯ ಕಂತಿಗೆ ಜನನ ನೋಂದಣಿ ಮತ್ತು ಮಗುವಿನ ಮೊದಲ ಸುತ್ತಿನ ಲಸಿಕೆ. ಗಂಡನ ಮನೆಯ ಅಂಗನವಾಡಿಯಲ್ಲೊಂದು, ತವರಿನಲ್ಲೊಂದು ಹೆಸರು ಬರೆಸಿದರೆ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಒಂದೇ ಕಡೆ ಬರೆಸಿ, ಲಸಿಕೆ ಎಲ್ಲಿ ಹಾಕಿಸಿದರೂ ಅದೇ ಕಾರ್ಡಿನಲ್ಲಿ ಬರೆಸಿ.

ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದವರಿಗೆ ಜನನಿ ಸುರಕ್ಷಾ ಯೋಜನೆಯಲ್ಲಿ ಕೇರಳದ ಹಳ್ಳಿಗಳಲ್ಲಿ 700, ಪಟ್ಟಣದಲ್ಲಿ 600 ರೂ. ಬೀಡಿ ಕಟ್ಟುವವರು ಪಾಸ್‌ಬುಕ್ ಹಿಡಿದು ಕಂಪೆನಿಯ ಮೂಲಕ ಹೆರಿಗೆ ಭತ್ಯೆ ಕೇಳಬಹುದು. ಕ್ಷೇಮನಿಧಿ ಮಂಡಳಿಯ ಸದಸ್ಯರಾದವರು ವಂತಿಗೆ ಬಾಕಿಯನ್ನು ಹೆರಿಗೆಗೆ ಮೊದಲೇ ತೀರಿಸಿ ಹೆರಿಗೆ ಧನಸಹಾಯದ ಅರ್ಜಿ ಹಾಕಿ.

ಕೊಡದಿದ್ದರೆ, ಮರಳಿ ಹೋದಾಗ

ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಬಸಿರಿನ ಕಾಲದಲ್ಲಿ ತೆಗೆದರೂ ಭತ್ಯೆಯ ಹಕ್ಕು ಹೋಗುವುದಿಲ್ಲ. ರಾಜೀನಾಮೆ ಬರೆದುಕೊಡಿ, ಆಮೇಲೆ ಸೇರಿಸಿಕೊಳ್ಳೋಣ ಎಂದರೆ ಬರೆಯಬೇಡಿ. ಒಮ್ಮೆ ಬರೆದರೆ ನಿಮ್ಮ ಕೈಯ ಬಲವಾದ ದಾಖಲೆಗಳೆಲ್ಲ ದುರ್ಬಲವಾಗುತ್ತವೆ. ದೂರು ಎಲ್ಲಿ ಎಂಬುದನ್ನು ಸಂಸ್ಥೆ ಇರುವ ಜಾಗ ನಿರ್ಧರಿಸುತ್ತದೆ, ನಿಮ್ಮ ಮನೆಯಲ್ಲ. ಉಪ್ಪಳದ ಶಾಲೆಯಾದರೆ ಕಾಸರಗೋಡಿನ ಜಿಲ್ಲಾ ಕಾರ್ಮಿಕ ಕಚೇರಿ, ಮಂಗಳೂರಿನ ಕಂಪೆನಿಯಾದರೆ ಮಂಗಳೂರಿನ ಕಾರ್ಮಿಕ ಇಲಾಖೆ. ಸೀಲು ಹಾಕಿಸಿಕೊಂಡ ನೋಟಿಸು, ಹಾಜರಿಯ ಫೋಟೋ, ಇಮೇಲಿನ ಪ್ರತಿ ಇವಿಷ್ಟು ಇದ್ದರೆ ದೂರು ಒಂದೇ ಪುಟದಲ್ಲಿ ಮುಗಿಯುತ್ತದೆ.

ಮರಳಿ ಸೇರಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು, ಸಂಬಳ ಕಡಿತವಿಲ್ಲದೆ. 50 ಮತ್ತು ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಕೆಲಸದ ಸ್ವಭಾವ ಒಪ್ಪಿದರೆ ಮನೆಯಿಂದ ಕೆಲಸವನ್ನೂ ಕೇಳಬಹುದು. ಬದಿಯಡ್ಕದಿಂದ ಮಂಗಳೂರಿಗೆ ಹೋಗುವವರಿಗೆ ಮಗುವನ್ನು ಜೊತೆಗೆ ಕರೆದೊಯ್ಯುವುದು ಅಸಾಧ್ಯವಾದ್ದರಿಂದ ಎರಡು ಬಿಡುವನ್ನೂ ಒಟ್ಟು ಸೇರಿಸಿ ಸಂಜೆ ಬೇಗ ಹೊರಡಲು ಬಿಡುವಂತೆ ಲಿಖಿತವಾಗಿ ಕೇಳಿ. ಸೇರುವ ವಾರ ಸಂಬಳದ ಪಟ್ಟಿ ಯಾವ ತಾರೀಕಿಗೆ ಮುಚ್ಚುತ್ತದೆ ಎಂದೂ ವಿಚಾರಿಸಿಕೊಳ್ಳಿ. 25ರ ನಂತರ ಸೇರಿದರೆ ಆ ದಿನಗಳ ಸಂಬಳ ಹಲವು ಕಡೆ ಮುಂದಿನ ತಿಂಗಳ ಪಟ್ಟಿಗೆ ಹೋಗುತ್ತದೆ. ಒಂದನೇ ತಾರೀಕಿಗೇ ಸೇರಿಕೊಂಡರೆ ಗೋಡೆಯ ಕ್ಯಾಲೆಂಡರಿನ ಜೂನ್ 30ರ ಚೌಕದಲ್ಲಿ ಆಕೆಯ 28,000ವನ್ನು ಮತ್ತೆ ಬರೆಯಬಹುದು.